ಸಹಾಯ ಬೇಕು: ಓವರ್‌ಟೇಕ್ ಮಾಡುವಾಗ ಗೇರ್ ಯಾವಾಗ ಬದಲಿಸಬೇಕು?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ವಾರಕ್ಕೆರಡು ಬಾರಿ ಹಳಿಯಾಳ ರಸ್ತೆಯಲ್ಲಿ ಓಡಾಡುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳನ್ನು ದಾಟುವುದೇ ದೊಡ್ಡ ಚಿಂತೆ. ಮೊನ್ನೆ ಮೂರನೇ ಗೇರಿನಲ್ಲಿ ಬಲಕ್ಕೆ ಬಂದವನು ಅರ್ಧ ದಾಟುವಷ್ಟರಲ್ಲಿ ನಾಲ್ಕಕ್ಕೆ ಹಾಕಿದೆ. ಕಾರಿನ ಎಳೆತ ಒಮ್ಮೆಲೇ ಸೊರಗಿತು. ಎದುರಿಗೆ ಬಸ್. ಹೆಂಡತಿ, ಮಗಳು ಜೊತೆಗಿದ್ದರು. ಆ ಗಾಬರಿ ಇನ್ನೂ ಇಳಿದಿಲ್ಲ.

ನನ್ನದು 2018ರ ಪೆಟ್ರೋಲ್ ಸ್ವಿಫ್ಟ್. ಗರಿಷ್ಠ ಟಾರ್ಕ್ (ಎಂಜಿನ್ನಿನ ತಿರುಚು ಬಲ) 4200 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 4200 ಸುತ್ತು ತಿರುಗುವಾಗ; ಗರಿಷ್ಠ ಶಕ್ತಿ 6000ರಲ್ಲಿ. ಟಾರ್ಕ್ ಇಳಿಯತೊಡಗಿದ ಕೂಡಲೇ ಗೇರ್ ಏರಿಸಬೇಕು ಎಂದುಕೊಂಡಿದ್ದೆ. ಆದರೆ ಚಕ್ರಕ್ಕೆ ಸಿಗುವ ಬಲ ಎಂಜಿನ್ ಟಾರ್ಕನ್ನು ಗೇರ್ ಅನುಪಾತದಿಂದ ಗುಣಿಸಿದಷ್ಟಲ್ಲವೇ? ಮೂರನೇ ಗೇರಿನ ಅನುಪಾತ ನಾಲ್ಕನೆಯದಕ್ಕಿಂತ ದೊಡ್ಡದು. ಹಾಗಿದ್ದರೆ 4200 ದಾಟಿದ ಮೇಲೂ ನಾಲ್ಕನೆಯದಕ್ಕಿಂತ ಮೂರನೆಯದೇ ಹೆಚ್ಚು ಎಳೆಯಬೇಕು.

ನಮ್ಮ ಕಾಕಾ 2500ರೊಳಗೇ ಬದಲಿಸು ಎನ್ನುತ್ತಾರೆ. ಮೈಲೇಜಿಗೆ ಅದು ಸರಿ, ಓವರ್‌ಟೇಕಿಗೆ ಅಲ್ಲ ಎಂಬುದು ನನ್ನ ಅನಿಸಿಕೆ. ಎಂಜಿನ್ ಹದಕ್ಕೆ ಬಂದ ಮೇಲೆ, ಆರ್‌ಪಿಎಂ ಮೀಟರಿನ ಕೆಂಪು ಗೆರೆ (ಎಂಜಿನ್ ವೇಗದ ಮಿತಿ) ಮುಟ್ಟದಂತೆ, ದಾಟಿ ಮುಗಿಯುವ ತನಕ ಮೂರನೆಯದರಲ್ಲೇ 5500ರವರೆಗೂ ಏರಿಸಿದರೆ ಎಂಜಿನ್ನಿಗೆ ಹಾನಿಯೇ? ನೀವು ಎಷ್ಟರಲ್ಲಿ ಬದಲಿಸುತ್ತೀರಿ? ಇದೇ ರಸ್ತೆಯಲ್ಲಿ ಓಡಿಸುವ ಹಿರಿಯರು, ಮೆಕ್ಯಾನಿಕ್ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ. ಶನಿವಾರ ಮತ್ತೆ ಹೋಗುವುದಿದೆ.