ಆ್ಯಕ್ಟಿಯಾಸ್ ಕುಲದ ಚಂದ್ರ ಪತಂಗಗಳು: ಬೋರಿವಲಿಯಲ್ಲಿರುವುದು ಯಾವುದು, ಉಳಿದವು ಎಲ್ಲೆಲ್ಲಿವೆ?

ಸುಜಾತಾ, ಬೋರಿವಲಿ ಪೂರ್ವ, ಮುಂಬಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಟ್ಟಡ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿದೆ. ನಿನ್ನೆ ರಾತ್ರಿ ಮಳೆ ನಿಂತ ಮೇಲೆ ಮೆಟ್ಟಿಲಿನ ದೀಪದ ಬಳಿ, ಅಂಗೈಯಷ್ಟು ಅಗಲವಾದ, ತಿಳಿಹಸಿರು ಬಣ್ಣದ, ಹಿಂದಿನ ರೆಕ್ಕೆಗಳಿಂದ ಉದ್ದನೆಯ ಬಾಲಗಳು ಇಳಿಬಿದ್ದಿರುವ ಪತಂಗವೊಂದು ಬಂದು ಕುಳಿತಿತು. ನಾಲ್ಕೂ ರೆಕ್ಕೆಗಳಲ್ಲಿ ಕಣ್ಣಿನಂಥ ಒಂದೊಂದು ಚುಕ್ಕೆಯಿದೆ. ಮುಂದಿನ ರೆಕ್ಕೆಯ ಮೇಲಂಚಿಗೆ ಕಂದುಗೆಂಪು ಪಟ್ಟಿಯಿದೆ. ಮಗಳು ಫೋನಿನಲ್ಲಿ ಹುಡುಕಿ ಇದು ‘ಆ್ಯಕ್ಟಿಯಾಸ್ ಲೂನಾ’ ಎಂದಳು; ನೆರೆಮನೆಯವರು ‘ಆ್ಯಕ್ಟಿಯಾಸ್ ಸೆಲೀನಿ’ ಎನ್ನುತ್ತಾರೆ. ಎರಡರಲ್ಲಿ ಯಾವುದು ಸರಿ, ಈ ಕುಲದ ಉಳಿದ ಪ್ರಭೇದಗಳು ಯಾವ ಯಾವ ನಾಡುಗಳಲ್ಲಿವೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಬೆಳಗಿನಿಂದ ಅದು ಕದಲಿಲ್ಲ. ಸಕ್ಕರೆ ನೀರು ಇಡಬಹುದೇ?

ವಸಂತ, ಪೊಂಡಾ, ಗೋವಾ

ಸುಜಾತಾ ಮೇಡಂ, ನಿಮ್ಮ ನೆರೆಮನೆಯವರು ಹೇಳಿದ್ದೇ ಸರಿ. ಲೂನಾ ಉತ್ತರ ಅಮೆರಿಕದ ಪೂರ್ವ ಭಾಗದ ಪತಂಗ. ಕೆನಡಾದಿಂದ ಫ್ಲಾರಿಡಾ, ಟೆಕ್ಸಾಸ್‌ವರೆಗೆ ಕಾಣಸಿಗುವ ಅದು ಭಾರತದ ಕಾಡುಗಳಲ್ಲಿ ಇಲ್ಲ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳಿಗೆ ತಿಳಿಹಸಿರು ರೆಕ್ಕೆ ಮತ್ತು ಉದ್ದ ಬಾಲ ಕಂಡೊಡನೆ ಅಮೆರಿಕದ ಪತಂಗವೇ ಮೊದಲು ಹೊಳೆಯುತ್ತದೆ. ಈ ಕುಲದಲ್ಲಿ ಹಲವು ಪ್ರಭೇದಗಳು ನೋಡಲು ಬಹಳ ಹತ್ತಿರವಾಗಿರುವುದರಿಂದ, ಪತಂಗ ಎಲ್ಲಿ ಸಿಕ್ಕಿತು ಎಂಬುದನ್ನು ಮೊದಲು ಕೇಳಿಕೊಂಡು ಆಮೇಲೆ ಗುರುತಿಸಲು ಹೊರಡುವುದೇ ಸರಿಯಾದ ಕ್ರಮವೆಂದು ನಾನು ಭಾವಿಸುತ್ತೇನೆ.

ಲೂನಾ ಪತಂಗವನ್ನು ಲಿನೇಯಸ್ 1758ರಲ್ಲಿಯೇ ವಿವರಿಸಿದ್ದರೂ, ಆ್ಯಕ್ಟಿಯಾಸ್ ಎಂಬ ಕುಲವನ್ನು ಸ್ಥಾಪಿಸಿದವರು ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಲೀಚ್, 1815ರಲ್ಲಿ. ಕುಲದ ಬಹುಪಾಲು ಪ್ರಭೇದಗಳು ಏಷ್ಯಾದವು. ನಿಮ್ಮಲ್ಲಿಗೆ ಬಂದಿರುವ ಸೆಲೀನಿ ಹಿಮಾಲಯದ ತಪ್ಪಲಿನಿಂದ ದಕ್ಷಿಣ ಭಾರತದವರೆಗೆ ಹರಡಿದೆ. ನಮ್ಮ ಮೊಲೆಂ ಕಡೆಯ ಕಾಡುಗಳಲ್ಲಿಯೂ ಇದೆ. ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಮೀನಾಸ್ ಎಂಬ ಪ್ರಭೇದವಿದೆ. ಅದರ ಗಂಡು ಹಳದಿ ಮೈಯ ಮೇಲೆ ಕಂದು ಮಚ್ಚೆಗಳುಳ್ಳದ್ದು, ಹೆಣ್ಣು ಹಸಿರು; ಎರಡನ್ನೂ ಅಕ್ಕಪಕ್ಕ ಇಟ್ಟರೆ ಬೇರೆ ಬೇರೆ ಪತಂಗಗಳೆಂದೇ ತೋರುತ್ತದೆ. ಅಂಡಮಾನಿನಲ್ಲಿ ಕ್ಯಾಲಂಡ್ರಾ, ಚೀನಾದಲ್ಲಿ ನಿಂಗ್‌ಪೋವಾನಾ ಮತ್ತು ಡುಬರ್ನಾರ್ಡಿ, ಜಪಾನಿನಲ್ಲಿ ನೋಮಾ, ಸುಲಾವೆಸಿ ದ್ವೀಪದಲ್ಲಿ ಐಸಿಸ್ ಇವೆ. ಚೀನಾದ ನಿಂಗ್‌ಪೋವಾನಾವನ್ನು ಬಹುಕಾಲ ಸೆಲೀನಿಯ ಉಪಪ್ರಭೇದವೆಂದೇ ಎಣಿಸುತ್ತಿದ್ದರು. ಆದ್ದರಿಂದ ಹಳೆಯ ಪುಸ್ತಕಗಳಲ್ಲಿ ಸೆಲೀನಿಯ ವ್ಯಾಪ್ತಿ ಈಗಿನದಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತದೆ; ಅವನ್ನು ಓದುವಾಗ ಇದು ನೆನಪಿರಲಿ.

ಸಕ್ಕರೆ ನೀರು ಬೇಡ. ಈ ಪತಂಗಗಳ ಬಾಯಿಯ ಭಾಗಗಳು ಬೆಳೆದಿರುವುದಿಲ್ಲ. ಮರಿಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನಲ್ಲಿಯೇ ಅವು ಸುಮಾರು ಒಂದು ವಾರ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತವೆ.

ಅನುಪಮಾ, ಕೋಥ್ರೂಡ್, ಪುಣೆ

ವಸಂತ ಅವರು ಯುರೋಪನ್ನು ಬಿಟ್ಟಿದ್ದಾರೆ. ಸ್ಪೇನಿನ ಪೈನ್ ಕಾಡುಗಳಲ್ಲಿಯೂ ಫ್ರಾನ್ಸಿನ ಆಲ್ಪ್ಸ್‌ನಲ್ಲಿಯೂ ಇರುವ ಇಸಾಬೆಲ್ಲೆ ಎಂಬ ಪತಂಗವನ್ನು ಗ್ರಾಯೆಲ್ಸ್ 1849ರಲ್ಲಿ ವಿವರಿಸಿದರು. ಅದನ್ನು ‘ಗ್ರಾಯೆಲ್‌ಸಿಯಾ’ ಎಂಬ ಬೇರೆ ಕುಲದಲ್ಲಿ ಇಡುವವರು ಇದ್ದಾರೆ, ಆ್ಯಕ್ಟಿಯಾಸ್‌ಗೇ ಸೇರಿಸುವವರೂ ಇದ್ದಾರೆ. ಆಫ್ರಿಕಾ ಮತ್ತು ಮಡಗಾಸ್ಕರ್‌ಗಳ ಬಾಲದ ಪತಂಗಗಳು ಮಾತ್ರ ‘ಆರ್ಗೆಮಾ’ ಎಂಬ ಪ್ರತ್ಯೇಕ ಕುಲದವು.

ಬಾಲದ ಬಗೆಗೂ ಒಂದು ಮಾತು. ಬಾವಲಿಗಳು ತಾವು ಹೊರಡಿಸಿದ ಶಬ್ದದ ಪ್ರತಿಧ್ವನಿಯನ್ನು ಕೇಳಿ ಬೇಟೆಯನ್ನು ಹುಡುಕುತ್ತವೆ. ಹಾರುವಾಗ ತಿರುಚುತ್ತ ತಿರುಗುವ ಬಾಲಗಳ ಪ್ರತಿಧ್ವನಿ ಬಾವಲಿಯನ್ನು ತನ್ನತ್ತ ಸೆಳೆದು, ಮೈಗೆ ಬೀಳಬೇಕಾದ ಹೊಡೆತ ಬಾಲಕ್ಕೆ ಬೀಳುವಂತೆ ಮಾಡುತ್ತದೆ ಎಂಬುದನ್ನು 2015ರಲ್ಲಿ ಅಮೆರಿಕದ ಸಂಶೋಧಕರು ಲೂನಾ ಪತಂಗಗಳಲ್ಲಿ ತೋರಿಸಿದರು. ಬಾಲ ಕತ್ತರಿಸಿದ ಪತಂಗಗಳು ಬಾವಲಿಗಳಿಗೆ ಹೆಚ್ಚಾಗಿ ಸಿಕ್ಕಿಬಿದ್ದವು. ಒಂದು ಬಾಲ ಮುರಿದುಹೋದ ಪತಂಗ ನಿಮಗೆ ಕಂಡರೆ ಅದು ರೋಗಿಷ್ಠವೆಂದು ಭಾವಿಸಬೇಡಿ. ಅದು ತಪ್ಪಿಸಿಕೊಂಡು ಬಂದಿರಬಹುದು.

ಸುಜಾತಾ, ಬೋರಿವಲಿ ಪೂರ್ವ

ಇಬ್ಬರಿಗೂ ಧನ್ಯವಾದಗಳು. ಇದರ ಮರಿಹುಳು ಯಾವ ಮರದ ಎಲೆ ತಿನ್ನುತ್ತದೆ? ಸೊಸೈಟಿಯ ಅಂಗಳದಲ್ಲಿ ಅಂಥ ಮರವಿದ್ದರೆ ಉಳಿಸಿಕೊಳ್ಳುವಂತೆ ಕಮಿಟಿಗೆ ಹೇಳಬಹುದು.

ವಸಂತ, ಪೊಂಡಾ

ಮರಾಠಿಯವರು ಮೋಯಿ ಅಥವಾ ಶೇಮಟ ಎನ್ನುವ ಮರ ಇದಕ್ಕೆ ಬಹಳ ಮೆಚ್ಚು. ಮತ್ತಿಯ ಕುಲದ ಮರಗಳ ಎಲೆಗಳನ್ನೂ ತಿನ್ನುತ್ತದೆ. ಮರ ಉಳಿಸಿದರಷ್ಟೇ ಸಾಲದು. ಹುಳು ಎಲೆಗಳ ನಡುವೆ ರೇಷ್ಮೆಯ ಗೂಡು ಕಟ್ಟಿಕೊಂಡು, ಒಣ ತಿಂಗಳುಗಳನ್ನು ಅದರೊಳಗೇ ಕಳೆದು ಮಳೆಗಾಲಕ್ಕೆ ಹೊರಬರಬಹುದು. ಆದ್ದರಿಂದ ಆ ಮರಗಳ ಕೆಳಗಿನ ತರಗೆಲೆಯನ್ನು ಗುಡಿಸಿ ಸುಡದೆ, ಅಂಗಳದ ಒಂದು ಮೂಲೆಯಲ್ಲಿ ಹಾಗೆಯೇ ಬಿಡಲು ಮಾಲಿಯವರಿಗೆ ಹೇಳಿಸಿ. ಇಂದು ಸಂಜೆ ಮೆಟ್ಟಿಲಿನ ದೀಪವನ್ನು ಸ್ವಲ್ಪ ಹೊತ್ತು ಆರಿಸಿದರೆ, ಈಗ ಕುಳಿತಿರುವ ಪತಂಗ ತಾನಾಗಿಯೇ ಕಾಡಿನತ್ತ ಹಾರಿಹೋಗಲು ಅನುಕೂಲವಾಗುತ್ತದೆ.