ಹಳೆ ಬೋಟ್ ಇಂಜಿನ್: ಕೆಳಗಿನ ಸಿಲಿಂಡರ್ ಕಂಪ್ರೆಶನ್ ಕಡಿಮಿ, ಬರೇ ರಿಂಗ್ ಸಾಕೇನ್ರಿ?

ಕೃಷ್ಣಾ ದಂಡಿ, ಯಾದಗಿರಿ
ಬಸವಸಾಗರದ ಹಿನ್ನೀರಿಗೆ ಬಿಡಲಾಕ ಹಳೆ ಫೈಬರ್ ಬೋಟ್ ರೆಡಿ ಮಾಡಲಾಕತ್ತೀವ್ರಿ. 25 ಎಚ್‌ಪಿ ಔಟ್‌ಬೋರ್ಡ್ (ಬೋಟಿನ ಹಿಂದ ಹಚ್ಚೋ ಇಂಜಿನ್), ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಕಾರ್ಬುರೇಟರ್ ಒಂದೇ. ಕಂಪ್ರೆಶನ್ ಮ್ಯಾಲಿಂದು 115 ಪಿಎಸ್‌ಐ, ಕೆಳಗಿಂದು 70. ಬಿಚ್ಚಿ ನೋಡಿದ್ರ ಕೆಳಗಿನ ಪಿಸ್ಟನ್ ಸೈಲೆನ್ಸರ್ ಕಡೆ ಗೀರ್‍ಯಾದ, ಬೋರಿಗಿ, ಅಂದ್ರ ಸಿಲಿಂಡರಿನ ಒಳಗೋಡಿಗಿ, ಅಲ್ಯೂಮಿನಿಯಂ ಹತ್ತ್ಯಾದ.

ಲೇತ್ ಕೆಲಸ, ಕಲಬುರಗಿ
ಬರೇ ರಿಂಗ್ ಹಾಕಬ್ಯಾಡ್ರಿ. ಬೋರಿಗಿ ಎರಕದ ಕಬ್ಬಿಣದ ಸ್ಲೀವ್ ಇದ್ರ, ಹತ್ತಿದ ಅಲ್ಯೂಮಿನಿಯಂ ಮ್ಯಾಲ ಹತ್ತಿ ಉಂಡಿಲೇ ಮ್ಯುರಿಯಾಟಿಕ್ (ಹೈಡ್ರೋಕ್ಲೋರಿಕ್) ಆ್ಯಸಿಡ್ ಹಚ್ಚ್ರಿ. ಬುರುಗು ನಿಂತ ಕೂಡಲೇ ತೊಳದು ಎಣ್ಣಿ ಸವರ್ರಿ, ಇಲ್ಲಂದ್ರ ತುಕ್ಕು ಹಿಡೀತದ. ಬ್ಲಾಕ್ ಅಲ್ಯೂಮಿನಿಯಂ ಇರ್ತದ, ಅದಕ್ಕ ಒಂದು ಹನಿನೂ ತಾಗಬಾರ್ದು. ಆಮ್ಯಾಲ ಬೋರ್ ಗೇಜಿಲೇ ಮ್ಯಾಲ, ನಡು, ಕೆಳಗ, ಅಡ್ಡ-ಉದ್ದ ಎರಡೂ ಅಳೀರಿ. ಗೀರು ಉಗುರಿಗಿ ಸಿಗ್ತಿದ್ರ, ಇಲ್ಲಾ ಅಳತಿ 0.08 ಮಿ.ಮೀ. ಮ್ಯಾಲ ಫರಕ್ ಬಂದ್ರ ಬೋರ್ ಮಾಡಿಸೋದೇ, ಅಂದ್ರ ಲೇತಿನಾಗ ಕೊರದು ದೊಡ್ಡದು ಮಾಡಿಸೋದು.

ಮೊದಲು 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಕೈಯಾಗ ಬರಲಿ. ಆ ಪಿಸ್ಟನ್ನೇ ಅಳದು, ಮ್ಯಾನುಯಲ್‌ದಾಗಿನ ಕ್ಲಿಯರೆನ್ಸ್ (ಪಿಸ್ಟನ್, ಬೋರ್ ನಡುವಿನ ಸಂದು) ಬಿಟ್ಟು ಬೋರ್ ಮಾಡಬೇಕು. ಭಾಳ ಮಂದಿ ಮರೆಯೋದು ಪೋರ್ಟ್ (ಬೋರಿನ ಗೋಡಿಯಾಗಿನ ಕಿಂಡಿ) ಅಂಚು: ಬೋರ್ ಆದ ಮ್ಯಾಲ ಅದು ಬ್ಲೇಡಿನಂಗ ಇರ್ತದ. ಸಣ್ಣ ಅರದಿಲೇ ಅಂಚು ಮುರೀದಿದ್ರ ರಿಂಗ್ ಅಲ್ಲಿ ಸಿಕ್ಕು ಮುರೀತದ. ಹೋನಿಂಗ್ (ಬೋರ್ ಕಲ್ಲಿಲೇ ತಿಕ್ಕಿ ನಯ ಮಾಡೋದು) ಆದಾಗ ಉಳಿಯೋ ಪುಡಿ ಪೆಟ್ರೋಲಿಗಿ ಹೋಗಂಗಿಲ್ಲ. ಬಿಸಿನೀರು, ಸಾಬೂನು ಹಾಕಿ, ಬಿಳಿ ಅರಿವಿ ಬಿಳಿನೇ ಉಳಿಯೋ ತನ ತಿಕ್ಕ್ರಿ.

ಮಾಂಜ್ರಾ, ಬೀದರ್
ಬೋರಿಂದು ಖರೆ. ಆದ್ರ ಪಿಸ್ಟನ್ ಯಾಕ ಹಿಡೀತು ಅನ್ನೋದು ಸಿಗದಿದ್ರ ಹೊಸ ಪಿಸ್ಟನ್‌ನೂ ಹಂಗೇ ಹೋಗ್ತದ. ಕಾರ್ಬುರೇಟರ್ ಒಂದೇ ಅಂದ್ರ ಎರಡಕ್ಕೂ ಅದೇ ಮಿಕ್ಸ್ಚರ್. ಕೆಳಗಿಂದೊಂದೇ ಹಿಡದದ ಅಂದ್ರ ಕ್ರ್ಯಾಂಕಿನ ಕೆಳಗಿನ ಆಯಿಲ್ ಸೀಲ್ ಮ್ಯಾಲೇ ಮೊದಲ ಗುಮಾನಿ. ಅಲ್ಲಿಂದ ಗಾಳಿ ಎಳಕೊಂಡ್ರ ಪೆಟ್ರೋಲ್ ಜೊತಿ ಆಯಿಲ್‌ನೂ ಕಡಿಮಿ ಬೀಳ್ತದ. ಮ್ಯಾಲಿಂದು, ಕೆಳಗಿಂದು ಎರಡೂ ಸೀಲ್ ಬದಲಿ ಮಾಡ್ರಿ. ಜೋಡಿಸಿದ ಮ್ಯಾಲ ಇನ್‌ಟೇಕ್, ಎಕ್ಸಾಸ್ಟ್ ಮುಚ್ಚಿ 5-6 ಪಿಎಸ್‌ಐ ಗಾಳಿ ಹೊಡದು ಸಾಬೂನು ನೀರು ಹಚ್ಚಿ ನೋಡ್ರಿ.

ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ನೋಡಲಾಕ ಚೆಂದ ಇದ್ರೂ ಹೊಸದು ಹಾಕ್ರಿ. ಸಾಬೂನು ನೀರು ಹಚ್ಚಿ, ಶಾಫ್ಟ್ ಗಡಿಯಾರದ ಮುಳ್ಳಿನಂಗ ತಿರುಗಿಸ್ತಾ ಕೂಡಿಸ್ರಿ. ಸಿಲಿಂಡರ್ ಸುತ್ತ ನೀರು ಹರಿಯೋ ಜಾಕೆಟ್‌ದಾಗ ಕರಿಮಣ್ಣಿನ ಕೆಸರು ಗಟ್ಟಿ ಆಗಿರ್ತದ, ತಂತಿಲೇ ಕೆರೀರಿ. ಸುಣ್ಣದ ಪದರಕ್ಕ ನಿಂಬೆ ಉಪ್ಪಿನ ನೀರು ಸಾಕು.

ಕೃಷ್ಣಾ ದಂಡಿ, ಯಾದಗಿರಿ
ಆಯಿಲ್ ಎಷ್ಟು ಹಾಕಬೇಕ್ರಿ? ಇ20 (20% ಎಥೆನಾಲ್ ಕೂಡಿಸಿದ) ಪೆಟ್ರೋಲ್ ನಡೀತದೇನು?

ಮಾಂಜ್ರಾ, ಬೀದರ್
ಮೊದಲ 10 ತಾಸು 25:1, ಅಂದ್ರ 10 ಲೀಟರಿಗಿ 400 ಮಿ.ಲೀ. ಆಮ್ಯಾಲ ಮ್ಯಾನುಯಲ್ ಹೇಳಿದಷ್ಟು. 50:1 ಇದ್ರ 200. ಡಬ್ಬಿ ಮ್ಯಾಲ ಟಿಸಿ-ಡಬ್ಲ್ಯೂ3 (ನೀರಿಂದ ತಣ್ಣಗಾಗೋ ಟೂ-ಸ್ಟ್ರೋಕ್ ಇಂಜಿನ್ ಆಯಿಲ್) ಅಂತ ಇರಬೇಕು, ಬೈಕಿನ 2ಟಿ ಬ್ಯಾಡ. ಇ20ಗಿ ಹಳೆ ರಬ್ಬರ್ ಉಬ್ಬಿ ಬಿರೀತದ. ಪೈಪು, ಪ್ರೈಮರ್ ಬಲ್ಬು, ಫ್ಯೂಯಲ್ ಪಂಪಿನ ಡಯಾಫ್ರಮ್ ಎಥೆನಾಲ್ ತಡಿಯೋವೇ ಹಾಕ್ರಿ. ಎಥೆನಾಲ್ ನೀರು ಹೀರ್ತದ, ಕಾರ್ಬುರೇಟರ್‌ದಾಗ ವಾರಗಟ್ಲೆ ಬಿಡಬ್ಯಾಡ್ರಿ.

ಮೊದಲ ಸಲ ಡ್ರಮ್ಮಿನಾಗ ಪ್ರೊಪೆಲ್ಲರ್ ತಗದು 10 ನಿಮಿಷ ನಿಧಾನಕ್ಕ ಓಡಿಸ್ರಿ. ಪಂಪ್ ಪೂರಾ ಮುಳುಗಿರಲಿ. ಬಾಜೂಕಿನ ತೂತಿನಿಂದ ನೀರು ಚಿಮ್ಮದಿದ್ರ ಕೂಡಲೇ ಬಂದ್ ಮಾಡ್ರಿ.