ಅಪ್‌ಡೇಟ್: ಒಡೆದ ಡೋರ್ ಗ್ಲಾಸ್ ಹಾಕಿಸಿದೆ

ಹುಬ್ಬಳ್ಳಿ ಉಣಕಲ್ ಕೆರಿ ಹತ್ರ ನಿಲ್ಸಿದ್ದ ಕಾರಿನ ಹಿಂದಿನ ಡೋರ್ ಗ್ಲಾಸ್ ಒಡದು ಬ್ಯಾಗ್ ಕದ್ದಾರ, ಇನ್ಶೂರೆನ್ಸ್ ಕ್ಲೇಮ್ ಮಾಡ್ಲ್ಯೋ ಕೈಯಿಂದನ ರೊಕ್ಕ ಕೊಡ್ಲ್ಯೋ ಅಂತ ಕೇಳಿದ್ನಲ್ರಿ, ಕೈಯಿಂದನ ಕೊಟ್ಟು ಹಾಕಿಸಿದೆ. ಗ್ಲಾಸಿಗೆ ಡಿಪ್ರಿಸಿಯೇಷನ್ (ಹಳೇದಾತು ಅಂತ ಕ್ಲೇಮಿನ್ಯಾಗ ರೊಕ್ಕ ಕಡಿಯೋದು) ಹಿಡಿಯಂಗಿಲ್ಲ ಅಂತ ನೀವು ಹೇಳಿದ್ದು ಖರೇನ, ಆದ್ರ ಒಂದು ಗ್ಲಾಸಿನ ಸಲುವಾಗಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ರ ಮುಂದಿನ ಪ್ರೀಮಿಯಂನ್ಯಾಗ ಸಿಗೋ ರಿಯಾಯ್ತಿ) ಕಳ್ಕೊಳ್ಳೋದು ಸರಿ ಅನ್ಸಲಿಲ್ಲ. ಪೊಲೀಸ್ ಕಂಪ್ಲೇಂಟ್ ಮಾತ್ರ ಕೊಟ್ಟೀನಿ, ಬ್ಯಾಗಿನ್ಯಾಗ ಆರ್‌ಸಿ (ಗಾಡಿ ನೋಂದಣಿ ಪತ್ರ) ಇತ್ತು, ಡೂಪ್ಲಿಕೇಟ್ ತಗಸಾಕ ಬೇಕಲ್ಲ.

ಗೋಕುಲ ರೋಡ್ ಕಡೆ ಗ್ಲಾಸ್ ಕೆಲಸದವ್ರು ಡೋರ್ ಪ್ಯಾಡ್ (ಬಾಗಿಲಿನ ಒಳಗಿನ ಹೊದಿಕಿ) ಬಿಚ್ಚಿದ್ರು ನೋಡ್ರಿ, ಒಳಗ ಕಲ್ಲುಸಕ್ಕರಿ ಸುರುವಿದಂಗ ಚೂರಿನ ರಾಶಿ! ಸೈಡ್ ಗ್ಲಾಸ್ ಟಫನ್ಡ್ ಇರ್ತದ, ಒಡದ್ರ ಪೂರ್ತಿ ಪುಡಿ, ಮುಂದಿನ ಗ್ಲಾಸಿನಂಗ ನಡುವ ಪ್ಲಾಸ್ಟಿಕ್ ಪದರ ಇರಂಗಿಲ್ಲ, ಹಂಗಾಗಿ ರಿಪೇರಿ ಅನ್ನೋ ಮಾತ ಇಲ್ಲ. ಡೋರಿನ ತಳದಾಗ ನೀರು ಹೋಗೋ ತೂತು ಇರ್ತಾವ, ಚೂರು ಅಲ್ಲಿ ಕುಂತ್ರ ಮಳಿ ನೀರು ನಿಂತು ತುಕ್ಕು ಹಿಡೀತದ, ಗ್ಲಾಸ್ ಜಾರೋ ರಬ್ಬರ್ ಚಾನೆಲ್‌ನ್ಯಾಗ ಉಳದ್ರ ಹೊಸಾ ಗ್ಲಾಸಿಗೆ ಗೆರಿ ಬೀಳ್ತದ. ಆ ಅಣ್ಣ ವ್ಯಾಕ್ಯೂಮ್ ಹೊಡದು, ಬೆರಳಿಂದ ಚಾನೆಲ್ ಪೂರ್ತಿ ತಡಕಿ ನೋಡಿ, ಪ್ಯಾಡ್ ಹಾಕೋಕಿಂತ ಮೊದ್ಲ ಗ್ಲಾಸ್ ಏರಿಸಿ ಇಳಿಸಿ ತೋರಿಸಿದ್ರು, ಭಾಳ ಛಲೋ ಕೆಲಸ. ಗ್ಲಾಸ್ ಏರಿಸಿ ಇಳಿಸೋ ರೆಗ್ಯುಲೇಟರ್, ಮೋಟರ್ ಎರಡೂ ಬರೋಬ್ಬರಿ ಅದಾವ.

ಕಪ್ಪು ಫಿಲ್ಮ್ ಹಾಕ್ಸು, ಒಳಗಿನ ಸಾಮಾನು ಕಾಣಂಗಿಲ್ಲ ಅಂದವ್ರಿಗೆ: ಹಾಕ್ಸಿಲ್ರಿ. 2012ರಾಗ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಬ್ಯಾನ್ ಮಾಡೇತಿ, ಸೈಡ್ ಗ್ಲಾಸಿನ್ಯಾಗ ಕಮ್ಮೀತ ಕಮ್ಮಿ 50% ಬೆಳಕು ಹಾಯಬೇಕು.

ಸೀಟ್ ಬೆಲ್ಟ್ ಬಕಲ್ ಸಂದ್ಯಾಗ ಇನ್ನೂ ಚೂರು ಸಿಗಾಕತ್ತಾವ, ಮಗಳು ಕುಂದ್ರೋ ಜಾಗಾ ಅದು, ಈ ರವಿವಾರ ಸೀಟ್ ಬಿಚ್ಚಿಸಿ ಕ್ಲೀನ್ ಮಾಡಸ್ತೀನಿ.